40 ಕಾಲಿನ ಐಸಿ ಕೂರುತ್ತಿಲ್ಲ, ತೂತು ಹಾಕುವುದು ಹೇಗೆ?

ಚೌಬಾರಾ ಪಕ್ಕದವನು, ಬೀದರ್

ನಾನು ಮೋಟಾರ್ ವೈಂಡಿಂಗ್ ಅಂಗಡಿಯವನು. ತಾಮ್ರದ ತಂತಿ ಇಪ್ಪತ್ತು ವರ್ಷದಿಂದ ನನ್ನ ಮಾತು ಕೇಳುತ್ತಿದೆ, ತಾಮ್ರದ ಹಾಳೆ ಮಾತ್ರ ಮರ್ಯಾದೆ ತೆಗೆಯುತ್ತಿದೆ. ತಮ್ಮನ ಕಬ್ಬಿನ ಹೊಲದ ಬೋರ್‌ವೆಲ್ ಮೋಟಾರಿಗೆ ಒಂದು ಕಂಟ್ರೋಲ್ ಬೋರ್ಡ್ ಮಾಡುತ್ತಿದ್ದೇನೆ. 40 ಕಾಲಿನ ಮೈಕ್ರೊಕಂಟ್ರೋಲರ್ ಐಸಿ ಎಟಿ89ಎಸ್52 ಒಂದು, ರಿಲೇ ನಡೆಸಲು 16 ಕಾಲಿನ ಯುಎಲ್‌ಎನ್2003 ಒಂದು. ಸರ್ಕ್ಯೂಟ್ ಚಿತ್ರದ ಪ್ರಿಂಟನ್ನು ತಾಮ್ರದ ಹಾಳೆಯ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಟೋನರ್ ಇಳಿಸಿದೆ, ಫೆರಿಕ್ ಕ್ಲೋರೈಡ್‌ನಲ್ಲಿ ತೊಳೆದೆ, ಗೆರೆಗಳು ಚೆನ್ನಾಗಿಯೇ ಬಂದವು. ತೊಂದರೆಯೆಲ್ಲ ತೂತಿನದು. 0.8 ಮಿ.ಮೀ. ಬಿಟ್ಟನ್ನು ಪ್ಯಾಡ್ (ಐಸಿಯ ಕಾಲು ಬೆಸೆಯುವ ತಾಮ್ರದ ಬಿಲ್ಲೆ) ಮೇಲೆ ಇಟ್ಟ ಕೂಡಲೇ ಪಕ್ಕಕ್ಕೆ ಜಾರುತ್ತದೆ. ಮೂರು ಬಿಟ್ ಮುರಿದವು. 16 ಕಾಲಿನ ಐಸಿಯನ್ನು ಕಾಲು ಬಗ್ಗಿಸಿ ಹೇಗೋ ಕೂರಿಸಿದೆ. 40 ಕಾಲಿನದು ಒಂದು ತುದಿಯಲ್ಲಿ ಕೂರುತ್ತದೆ, ಇನ್ನೊಂದು ತುದಿಯಲ್ಲಿ ಕಾಲು ಎರಡು ತೂತುಗಳ ನಡುವೆ ಬಂದು ನಿಲ್ಲುತ್ತದೆ. ಕೈ ನಡುಗುವ ವಯಸ್ಸೇನೂ ನನಗಾಗಿಲ್ಲ.

ಯಾದಗಿರಿ ಡಿಪ್ಲೊಮಾ

ಅಣ್ಣಾ, ಕಾರ್ಬೈಡ್ ಬಿಟ್ ತರಿಸಿಕೊಳ್ಳಿ. ಗಾಜಿನ ನಾರಿನ ಗ್ಲಾಸ್ ಬೋರ್ಡ್ ಮೇಲೆ ಸಾದಾ ಬಿಟ್ ಬೇಗ ಮೊಂಡಾಗುತ್ತದೆ. ಮೊಂಡಾದ ಬಿಟ್ ಜಾರಿಯೇ ಜಾರುತ್ತದೆ.

ಹಳೆಯ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಕಲಬುರಗಿ

ತಮ್ಮಾ, ಕೈಯಲ್ಲಿ ಹಿಡಿಯುವ ಡ್ರಿಲ್ಲಿಗೆ ಕಾರ್ಬೈಡ್ ಹಾಕಿಸಬೇಡ. ಅದು ಗಟ್ಟಿ, ಆದರೆ ಪೆಡಸು. ಕೈ ಕೂದಲೆಳೆಯಷ್ಟು ವಾರೆಯಾದರೂ ಸಾಕು, ಪಟ್ಟನೆ ಮುರಿಯುತ್ತದೆ. ಸ್ಟ್ಯಾಂಡ್ ಇದ್ದವರಿಗೆ ಮಾತ್ರ ಅದು.

ಬೀದರಿನವರೇ, ಬಿಟ್ಟನ್ನು ಆಮೇಲೆ ಬೈಯೋಣ. ಮೊದಲು ವರ್ನಿಯರ್ ತೆಗೆದು 40 ಕಾಲಿನ ಐಸಿಯ ಒಂದು ಸಾಲಿನ ಮೊದಲ ಪ್ಯಾಡಿನ ನಡುವಿನಿಂದ ಕೊನೆಯ ಪ್ಯಾಡಿನ ನಡುವಿಗೆ ಅಳೆಯಿರಿ. ಸಾಲಿಗೆ 20 ಕಾಲು, 19 ಅಂತರ, ಒಂದೊಂದು 2.54 ಮಿ.ಮೀ. ಒಟ್ಟು 48.26 ಬರಬೇಕು.

ಚೌಬಾರಾ ಪಕ್ಕದವನು

46.8!

ಹಳೆಯ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್

ಹಾಗಾದರೆ ಕೈಯನ್ನು ಬೈದುಕೊಳ್ಳಬೇಡಿ. ಪ್ರಿಂಟ್ ಹೊಡೆದವರು ಚಿತ್ರವನ್ನು ಕಾಗದದ ಅಳತೆಗೆ ಹೊಂದಿಸಿಬಿಟ್ಟಿದ್ದಾರೆ. ನೂರಕ್ಕೆ ಮೂರು ಕುಗ್ಗಿದೆ. 16 ಕಾಲಿನದರಲ್ಲಿ ಅದು ಅರ್ಧ ಮಿಲಿಮೀಟರ್, ಬಗ್ಗಿಸಿದರೆ ಮುಗಿಯಿತು. ಇಲ್ಲಿ ಒಂದೂವರೆ ಹತ್ತಿರ, ಅಂದರೆ ಅರ್ಧ ಅಂತರಕ್ಕಿಂತ ಹೆಚ್ಚು. ಪ್ರಿಂಟ್ ಅಂಗಡಿಯಲ್ಲಿ 100 ಪರ್ಸೆಂಟ್ ಎಂದು ಬಾಯಿಬಿಟ್ಟು ಹೇಳಿ, ಕಾಗದದ ಮೇಲೆ ಐಸಿಯನ್ನೇ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.

ಈಗ ಜಾರುವ ವಿಷಯ. ಪ್ಯಾಡಿನ ನಡುವೆ 0.4 ಮಿ.ಮೀ. ಬಿಳಿ ಚುಕ್ಕೆ ಬಿಟ್ಟು ಪ್ರಿಂಟ್ ಮಾಡಿಸಿ. ಅಷ್ಟು ತಾಮ್ರವನ್ನು ಆಸಿಡ್ಡೇ ತಿಂದು ಪುಟ್ಟ ಗುಳಿ ಮಾಡಿಕೊಡುತ್ತದೆ, ಬಿಟ್ಟಿನ ಮೂತಿ ಅದರಲ್ಲಿ ತಾನಾಗಿ ಇಳಿಯುತ್ತದೆ. ಬಿಟ್ಟಿನಷ್ಟೇ ದೊಡ್ಡ ತೂತನ್ನು ಚಿತ್ರದಲ್ಲಿ ಬಿಟ್ಟರೆ ಬಿಟ್ಟಿಗೆ ಒರಗಲು ಏನೂ ಇರುವುದಿಲ್ಲ. ಇನ್ನೂ ಭಯವಿದ್ದರೆ ಜೀರೋ ಪಿಸಿಬಿಯ (ಸಾಲಾಗಿ ತೂತು ಹಾಕಿಯೇ ಬರುವ ಬೋರ್ಡ್) ಒಂದು ತುಂಡನ್ನು ಮೇಲಿಟ್ಟು, ಎರಡು ತುದಿಯ ತೂತಿಗೆ ತಂತಿ ಸಿಕ್ಕಿಸಿ ಕಟ್ಟಿ, ಅದರ ತೂತಿನ ಮೂಲಕವೇ ಕೊರೆಯಿರಿ. ಅದರ ಅಂತರವೂ 2.54. ಕೆಳಗೆ ಹಳೆಯ ಪ್ಲೈವುಡ್ ಇರಲಿ. ಗ್ಲಾಸ್ ಬೋರ್ಡಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಪುಡಿಯನ್ನು ಬಾಯಿಂದ ಊದಬೇಡಿ.

ಚೌಬಾರಾ ಪಕ್ಕದವನು

ಎರಡನೆಯ ಬೋರ್ಡ್ ಆಯಿತು. ಈ ಸಲ ಅಳೆದರೆ 48.2. ನಮ್ಮ ಗಲ್ಲಿಯ ಬಿದರಿ ಕೆಲಸದ ಕಾಕಾ ಅಂಗಡಿಗೆ ಬಂದಿದ್ದರು. ನಾನು ಪ್ಯಾಡುಗಳನ್ನು ದಿಟ್ಟಿಸುವುದನ್ನು ನೋಡಿ ಬೇಸತ್ತು, ತಮ್ಮ ಸಣ್ಣ ಉಳಿಯನ್ನೇ ತಂದು ಗುಳಿಯಿಲ್ಲದ ಹನ್ನೆರಡು ಪ್ಯಾಡುಗಳ ಮೇಲೆ ಟಕ್ ಟಕ್ ಎಂದು ಗುರುತು ಹಾಕಿಬಿಟ್ಟರು. ಕನ್ನಡಕ ಕೂಡ ಹಾಕಿಕೊಂಡಿರಲಿಲ್ಲ. 40 ಕಾಲಿನ ಐಸಿಯ ಸಾಕೆಟ್ ಒಂದೇ ಒತ್ತಿಗೆ ಕೂತಿತು.

ಒಂದು ಅನುಮಾನ. ಮೋಟಾರ್ ತಂತಿಯ ಸ್ಕ್ರೂ ಕನೆಕ್ಟರಿಗೂ 0.8ರಲ್ಲೇ ಕೊರೆದುಬಿಟ್ಟೆ. 1.3ಕ್ಕೆ ದೊಡ್ಡದು ಮಾಡಿದರೆ ಪ್ಯಾಡ್ ಎದ್ದು ಬರುತ್ತದೆಯೇ?

ಹಳೆಯ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್

ಡ್ರಿಲ್ ಬೇಡ. 1.3ರ ಬಿಟ್ಟನ್ನು ಬೆರಳಲ್ಲೇ ಹಿಡಿದು, ತಾಮ್ರದ ಕಡೆಯಿಂದ ನಿಧಾನವಾಗಿ ತಿರುಗಿಸಿ. ಕಾಕಾಗೆ ಚಹಾ ಕೊಟ್ಟಿರಾ?