ಸಹಾಯ ಬೇಕು: ಕ್ಲೇ ಬಾರ್ ಉಜ್ಜಿದ ಮೇಲೆ ಬಾನೆಟ್ ಮಸುಕಾಗಿದೆ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ನಮ್ಮದು ಕಡುನೀಲಿ ಬಣ್ಣದ ಕಾರು, ಅಪ್ಪ ಕಾಫಿ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು. ಶೆಡ್ಡಿನ ತುಂಬ ಗೊಬ್ಬರದ ಮೂಟೆಗಳಿದ್ದುದರಿಂದ ಈ ಮಳೆಗಾಲವಿಡೀ ಸಿಲ್ವರ್ ಓಕ್ ಮರಗಳ ಕೆಳಗೇ ನಿಂತಿತ್ತು.

ಕಳೆದ ಭಾನುವಾರ ಶಾಂಪೂ ಹಾಕಿ ಎರಡು ಸಲ ತೊಳೆದೆ. ಕೆಮ್ಮಣ್ಣು ಪೂರ್ತಿ ಹೋಯಿತು. ಆದರೂ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಬಾನೆಟ್ ಸವರಿದರೆ ರವೆ ಚೆಲ್ಲಿದಂತೆ ತರಿತರಿ. ಅದಕ್ಕೇ ಮಧ್ಯಮ ದರ್ಜೆಯ ಕ್ಲೇ ಬಾರ್ ತರಿಸಿದೆ, ಅಂದರೆ ತೊಳೆದರೂ ಹೋಗದೆ ಬಣ್ಣಕ್ಕೆ ಅಂಟಿದ ಕೊಳೆಯನ್ನು ಉಜ್ಜಿ ತೆಗೆಯುವ, ಜೇಡಿಮಣ್ಣಿನಂಥ ಮೆತ್ತನೆಯ ತುಂಡು. ಶಾಂಪೂ ನೀರು ಸಿಂಪಡಿಸಿ, ಹಗುರವಾಗಿ, ನೇರ ಗೆರೆಯಲ್ಲಿ ಉಜ್ಜಿದೆ. ಕಂದು ಕೊಳೆ ಕಂಡಾಗಲೆಲ್ಲ ಮಡಚಿ, ನಾದಿ, ಹೊಸ ಮುಖ ಮಾಡಿಕೊಂಡೆ. ನೆಲಕ್ಕೆ ಬಿದ್ದ ಒಂದು ತುಂಡನ್ನು ಎಸೆದೇಬಿಟ್ಟೆ. ಮರಳಿನ ಕಣ ಅಂಟಿದರೆ ಬಣ್ಣವೇ ಗೀರಿಹೋಗುತ್ತದೆ.

ಈಗ ಬಾನೆಟ್ ಗಾಜಿನಂತೆ ನುಣುಪಾಗಿದೆ. ಆದರೆ ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಉಜ್ಜಿದ ದಿಕ್ಕಿನಲ್ಲೇ ಕೂದಲೆಳೆಯಂಥ ಗೆರೆಗಳು, ಮೇಲೆ ಮಂಜು ಕವಿದಂಥ ಮಸುಕು. ಉಗುರಿಗೆ ಏನೂ ತಾಗುವುದಿಲ್ಲ. ಮೊದಲು ಇವು ಖಂಡಿತ ಇರಲಿಲ್ಲ. ಮತ್ತೆ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬಾಗಿಲುಗಳನ್ನು ಇನ್ನೂ ಮುಟ್ಟಿಲ್ಲ, ಧೈರ್ಯ ಸಾಲುತ್ತಿಲ್ಲ.

ಶಾಂಪೂ ನೀರಿನ ಜಾರುವಿಕೆ ಸಾಲದೆ ಹೀಗಾಯಿತೇ, ಅಥವಾ ನಾನು ತಂದ ಕ್ಲೇ ಈ ಬಣ್ಣಕ್ಕೆ ಹೆಚ್ಚು ಒರಟಾಯಿತೇ? ಮೆಷಿನ್ ನನ್ನ ಬಳಿ ಇಲ್ಲ. ಕೈಯಲ್ಲೇ ಪಾಲಿಶ್ ಹಾಕಿ ಈ ಗೆರೆಗಳನ್ನು ತೆಗೆದು ಆಮೇಲೆ ವ್ಯಾಕ್ಸ್ ಹಚ್ಚಬಹುದೇ, ಇಲ್ಲವೇ ಮಡಿಕೇರಿಗೆ ಒಯ್ದು ಮೆಷಿನ್ ಪಾಲಿಶ್ ಮಾಡಿಸಲೇಬೇಕೇ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.