ಕೆಂಪಿ ಮೂಲೆ ನೋಡುವುದು ಯಾಕೆ

ಗುಂಪು: ಮೂಲಮನೆ ಬಳಗ, ಶಿರಸಿ
ಭಾನುವಾರ ಬೆಳಿಗ್ಗೆ

ಸುಬ್ರಾಯ ಭಾವ, ಕಾರವಾರ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರಿಕೆ!! ಹೊಸದಾಗಿ ತಂದ ನಾಯಿ ಊಟ ಬಿಟ್ಟು ಒಂದೇ ಮೂಲೆ ನೋಡುತ್ತಾ ಕೂತರೆ ಅದಕ್ಕೆ ಹುಚ್ಚು ಹಿಡಿಯುತ್ತಿದೆ ಎಂದರ್ಥ. ಕೂಡಲೇ ಮನೆಯಿಂದ ಹೊರಗೆ ಅಟ್ಟಿ. ಹತ್ತು ಗುಂಪುಗಳಿಗೆ ಕಳಿಸಿ.

ಸುಬ್ರಾಯ ಭಾವ: ಸುಮಾ, ನಿಮ್ಮ ಕೆಂಪಿಯೂ ಹೀಗೇ ಮಾಡುತ್ತದೆ ಅಂದಿದ್ದೆಯಲ್ಲ. ಹುಷಾರು.

ವಿನಾಯಕ: ಯಾವ ಡಾಕ್ಟರು ಹೇಳಿದ್ದು ಇದು? ಹೆಸರಿದೆಯಾ?

ಸುಬ್ರಾಯ ಭಾವ: ನನಗೆ ಬಂತು, ಕಳಿಸಿದೆ. ಒಳ್ಳೆಯದಕ್ಕೇ.

ವಿನಾಯಕ: ಸಕ್ಕರೆ ಕಾಯಿಲೆಗೆ ಕಷಾಯ ಅಂತ ಕಳಿಸಿದ್ದೂ ಒಳ್ಳೆಯದಕ್ಕೇನಾ? ಅದನ್ನು ನಂಬಿ ಆಯಿ ಮಾತ್ರೆ ಬಿಟ್ಟು ಕೂತಿದ್ದರು.

ಚಿಕ್ಕಮ್ಮ: ನನ್ನನ್ನು ಯಾಕೆ ಎಳೆಯುತ್ತೀಯಾ ಮಾಣಿ. ಬಿಟ್ಟಿದ್ದು ಎರಡೇ ದಿನ.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ನಾಯಿ ಹೊಸ್ತಿಲು ದಾಟುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಎಲ್ಲದಕ್ಕೂ ಒಂದು ಮಿತಿ ಬೇಕು. ಹಿರಿಯರ ಜೊತೆ ಮಾತಾಡುವಾಗಲೂ ಬೇಕು, ವಿನಾಯಕ.

ಗೀತಕ್ಕ, ಕುಮಟಾ: ನಾಯಿ ಅಂದ ಕೂಡಲೇ ನಮ್ಮ ಕಾಳು ನೆನಪಾಯಿತು. ಕೊಟ್ಟಿಗೆ ಬಾಗಿಲಲ್ಲೇ ಮಲಗುತ್ತಿತ್ತು. ಅಜ್ಜಿ ಹಾಕುವ ಮಜ್ಜಿಗೆ ಅನ್ನಕ್ಕೆ ಕಾಯುತ್ತಿತ್ತು. ಪಾಪ, ಚಿರತೆ ಒಯ್ದಿತು.

ವಿನಾಯಕ: ಅಂಗಳದಲ್ಲಿ ಕಟ್ಟಿಹಾಕಿದರೆ ಒಯ್ಯದೆ ಇರುತ್ತದಾ? ಕಟ್ಟಿದ್ದು ಯಾರು?

ದೊಡ್ಡಪ್ಪ: ಪಕ್ಕದವರ ಕೋಳಿ ಹಿಡಿಯುತ್ತದೆ ಅಂತ ನಿನ್ನ ಅಪ್ಪನೇ ಕಟ್ಟಿದ್ದು.

ವಿನಾಯಕ: ಉತ್ತರ ಕೊಡಲಿಕ್ಕೆ ಅಪ್ಪ ಇಲ್ಲ ಅಂತ ಅವರ ತಲೆಗೆ ಕಟ್ಟಬೇಡಿ.

ಸುಬ್ರಾಯ ಭಾವ: ನೋಡಿ, ನಾನು ಕಳಿಸಿದ್ದು ಏನು, ಇವರು ಮಾತಾಡುವುದು ಏನು.

ಚಿಕ್ಕಮ್ಮ: ಕಟ್ಟಿದ್ದು ಅವರೇ ಹೌದು. ಆಮೇಲೆ ಇನ್ನೊಂದು ನಾಯಿ ತರಲು ಅವರಿಗೆ ಮನಸ್ಸೇ ಬರಲಿಲ್ಲ. ಅಷ್ಟಕ್ಕೆ ಸಾಕು ಮಾಡಿ. ಸುಮಾ, ಕೆಂಪಿ ಈಗ ಹೇಗಿದೆ?

ನಾನು: ಕೇಳಿದ್ದಕ್ಕೆ ಖುಷಿಯಾಯಿತು ಚಿಕ್ಕಮ್ಮ. ಹುಬ್ಬಳ್ಳಿಯ ಬೀದಿಯಲ್ಲಿ ಬೆಳೆದ ನಾಯಿ ಅದು. ಅಡಿಕೆ ತೋಟ, ಕೊಟ್ಟಿಗೆ, ಮಳೆ, ನಾವು, ಎಲ್ಲವೂ ಅದಕ್ಕೆ ಹೊಸತು. ಇಂಥ ನಾಯಿ ಮೊದಲ ಕೆಲವು ದಿನ ಸರಿಯಾಗಿ ತಿನ್ನದೆ, ಮಂಚದ ಅಡಿ ಅಡಗಿ ಕೂರುವುದು ಮಾಮೂಲು. ಮನೆಯ ರೀತಿ ತಿಳಿಯಲು ವಾರಗಳು ಬೇಕು. ಪೂರ್ತಿ ನಂಬಲು ತಿಂಗಳುಗಳೇ ಹಿಡಿಯುತ್ತವೆ.

ಊಟ ಬಿಟ್ಟಿಲ್ಲ. ಹಾಕಿದ ದೋಸೆಯನ್ನು ಕಚ್ಚಿಕೊಂಡು ಹೋಗಿ ಅಡಿಕೆ ಸಿಪ್ಪೆ ರಾಶಿಯಲ್ಲಿ ಹುಗಿಯುತ್ತದೆ. ಮೂಗಿನಿಂದಲೇ ಸಿಪ್ಪೆ ಎಳೆದು ಮುಚ್ಚುತ್ತದೆ. ಕತ್ತಲಾದ ಮೇಲೆ ಹೋಗಿ ತಿನ್ನುತ್ತದೆ. ನಾಳೆ ಸಿಗುತ್ತದೋ ಇಲ್ಲವೋ ಅಂತ ಬದುಕಿದ ಜೀವ ಅಲ್ವಾ. ಇವರು ಅಡಿಕೆ ಕೊನೆ ಕೊಯ್ಯುವ ಉದ್ದ ಕೋಲು, ದೋಟಿ, ಎತ್ತಿದರೆ ನೆಲಕ್ಕೆ ಅಂಟಿ ಕೂತು ಉಚ್ಚೆ ಹೊಯ್ದುಕೊಳ್ಳುತ್ತದೆ. ಯಾರೋ ಚೆನ್ನಾಗಿ ಹೊಡೆದಿರಬೇಕು.

ಇನ್ನು ಮೂಲೆ. ಅದರ ಮೇಲೆ ಅಟ್ಟದಲ್ಲಿ ಇಲಿ ಇದೆ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ಇಲಿಯ ಚೀರಾಟ ನಮಗೆ ಕೇಳದಿದ್ದರೂ ಅದಕ್ಕೆ ಕೇಳುತ್ತದೆ. ಗೋಡೆಗೆ ತಲೆ ಒತ್ತಿ ನಿಂತರೆ, ಸುಮ್ನೆ ಸುತ್ತು ಹಾಕುತ್ತಿದ್ದರೆ ಮಾತ್ರ ಮಿದುಳಿನ ತೊಂದರೆ ಇರಬಹುದು. ಪೂರ್ತಿ ಊಟ ಬಿಟ್ಟು ವಸಡು ಬಿಳಿಚಿದರೆ ಉಣುಗು ಕಚ್ಚಿ ಬರುವ ಜ್ವರ ಇರಬಹುದು. ಇವೆಲ್ಲ ತಡ ಮಾಡದೆ ಡಾಕ್ಟರಿಗೆ ತೋರಿಸುವಂಥವು. ಕೆಂಪಿಯನ್ನು ತೋರಿಸಿ ಬಂದೆವು, ಚುಚ್ಚುಮದ್ದೂ ಆಗಿದೆ.

ಭಾವ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹುಚ್ಚುನಾಯಿಯ ಭಯ ನಿಜವಾದದ್ದೇ. ಆದರೆ ಈ ಮೆಸೇಜು ಹೇಳಿದ ಹಾಗೆ ಅಟ್ಟುವುದು ಎಲ್ಲಕ್ಕಿಂತ ಅಪಾಯ. ಅನುಮಾನದ ನಾಯಿಯನ್ನು ಊರ ಮೇಲೆ ಬಿಟ್ಟ ಹಾಗಾಗುತ್ತದೆ. ಕೂಡಿಹಾಕಿ ಪಶು ಆಸ್ಪತ್ರೆಗೆ ತಿಳಿಸಬೇಕು. ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಇಂಜೆಕ್ಷನ್ ತೆಗೆದುಕೊಳ್ಳಬೇಕು. ದಯವಿಟ್ಟು ಆ ಮೆಸೇಜು ಅಳಿಸಿ.

ಸುಬ್ರಾಯ ಭಾವ: ಕಾಲೋನಿ ಗುಂಪಿಗೂ ಹಾಕಿಬಿಟ್ಟಿದ್ದೇನೆ.

ವಿನಾಯಕ: ಅಲ್ಲೂ ಅಳಿಸಿ.

ಗೀತಕ್ಕ: ಕಾಳು ಫೋಟೋ ಯಾರ ಹತ್ತಿರವಾದರೂ ಇದೆಯಾ?

ದೊಡ್ಡಪ್ಪ: ಸುಮಾ, ಉದ್ದ ಬರೆದಿದ್ದೀಯ. ಆಮೇಲೆ ಓದುತ್ತೇನೆ. ಚೌತಿಗೆ ಇಬ್ಬರೂ ಬರುತ್ತೀರಲ್ಲ?

ನಾನು: ಒಟ್ಟಿಗೆ ಆಗುವುದಿಲ್ಲ ದೊಡ್ಡಪ್ಪ. ಪಟಾಕಿ ಸದ್ದಿಗೆ ಅದನ್ನು ಒಂದೇ ಬಿಡುವ ಹಾಗಿಲ್ಲ.

ದೊಡ್ಡಪ್ಪ: ನಾಯಿಗೋಸ್ಕರ ಚೌತಿ ತಪ್ಪಿಸುವುದಾ?

ನಾನು: ತಪ್ಪಿಸುವುದಿಲ್ಲ. ಬೆಳಿಗ್ಗೆ ಪೂಜೆಗೆ ನಾನು ಬರುತ್ತೇನೆ. ನಾನು ಮನೆಗೆ ಮುಟ್ಟಿದ ಮೇಲೆ ಇವರು ಊಟಕ್ಕೆ ಹೊರಡುತ್ತಾರೆ. ಎರಡನೇ ಪಂಕ್ತಿಗೆ ಇವರದೊಂದು ಎಲೆ ಇರಲಿ.