ಸಹಾಯ ಬೇಕು: ಒಂಬತ್ತನೇ ತರಗತಿಯ ಮಗಳಿಗೆ ಮುಂದಿನ ಹಂತದ ಗಣಿತ ಕಲಿಕೆ (ಪುಣೆ)

ಪುಣೆಯ ಕನ್ನಡ ಬಾಂಧವರಿಗೆ ನಮಸ್ಕಾರ. ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಹನ್ನೆರಡನೆಯ ತರಗತಿಯ ಗಣಿತವನ್ನು ತಾನಾಗಿಯೇ ಓದಿ ಮುಗಿಸಿದ್ದಾಳೆ; ಅವಿಭಾಜ್ಯ ಸಂಖ್ಯೆಗಳು ಅನಂತವೆಂಬುದನ್ನು ಪುಸ್ತಕ ನೋಡದೆ ಸಾಧಿಸಿ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದನ್ನು ನಾನೇ ನೋಡಿದೆ. ಆದರೆ ತರಗತಿ ದಾಟಿಸಲು ಅವಕಾಶವಿಲ್ಲವೆಂದು ಶಾಲೆಯವರು ಹೇಳಿದ್ದಾರೆ.

ಪ್ರತಿಭಾವಂತ ಮಕ್ಕಳಿಗೆಂದೇ 1969ರಲ್ಲಿ ಆರಂಭವಾದ ಜ್ಞಾನ ಪ್ರಬೋಧಿನಿ ಪ್ರಶಾಲೆ ಇದೇ ಊರಿನಲ್ಲಿದ್ದರೂ, ಅಲ್ಲಿ ಐದನೇ ತರಗತಿಗೆ ಪ್ರವೇಶ ಕೊಡುವುದರಿಂದ ನಮಗೆ ಆ ಕಾಲ ಮೀರಿತು. ಭಾಸ್ಕರಾಚಾರ್ಯ ಪ್ರತಿಷ್ಠಾನದ ಒಲಿಂಪಿಯಾಡ್ ತರಬೇತಿ, ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಶಿಬಿರ, ಇವೆಲ್ಲ ಉತ್ತಮವೇ. ಆದರೆ ಅವು ಸ್ಪರ್ಧೆಯ ದಾರಿ, ಶಾಲಾ ವರ್ಷಗಳನ್ನು ಕಡಿಮೆ ಮಾಡುವ ವ್ಯವಸ್ಥೆಯಲ್ಲ.

ಹದಿನಾಲ್ಕು ವರ್ಷ ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯಲು ಅವಕಾಶವಿದೆ. ಈ ದಾರಿ ಹಿಡಿದ ಮಕ್ಕಳ ಪೋಷಕರು ಇಲ್ಲಿ ಯಾರಾದರೂ ಇದ್ದರೆ, ಮುಂದೆ ಜೂನಿಯರ್ ಕಾಲೇಜಿನ ಪ್ರವೇಶಕ್ಕೆ ತೊಡಕಾಯಿತೇ, ತನಗಿಂತ ದೊಡ್ಡವರ ನಡುವೆ ಮಗು ಒಂಟಿಯಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಎರಡನೆಯದೇ ನನ್ನ ದೊಡ್ಡ ಚಿಂತೆ. ವಾರಕ್ಕೊಮ್ಮೆ ಅವಳೊಂದಿಗೆ ಕುಳಿತು ಗಣಿತ ಚರ್ಚಿಸಬಲ್ಲ ಸಂಶೋಧನಾ ವಿದ್ಯಾರ್ಥಿಗಳ ಪರಿಚಯವಿದ್ದರೂ ಹೇಳಿ. ಅವಳನ್ನು ಕೋಥರೂಡಿನಿಂದ ಇಲ್ಲಿನ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಾದ ಐಸರ್‌ವರೆಗೆ ಕರೆತರಲು ನಾನು ಸಿದ್ಧ.